ಓದುಗರ ಪ್ರಶ್ನೆ: ರಜೆ, ಮನೆ, ಆಟ

ರಜೆ ಶುರುವಾದ ಮೇಲೆ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮನೇಲಿ ಎಲ್ರೂ ಕೂತು ಆಡೋ ಆಟದ ಬಗ್ಗೆನೇ ಇದೆ, ಅದಕ್ಕೇ ಈ ಸಲದ ಅಂಕಣ ಪೂರ್ತಿ ಅದಕ್ಕೇ ಕೊಟ್ಟಿದೀನಿ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಆರು ವರ್ಷ. ಲೂಡೋಗೆ ಕೂತ್ರೆ ಅವನಿಗೆ ಆರು ಬೀಳೋದೇ ಇಲ್ಲ, ಉಳಿದವ್ರ ಕಾಯಿ ಅರ್ಧ ದಾರಿ ಹೋಗಿರುತ್ತೆ, ಇವನು ಅತ್ತು ಅತ್ತು ಕೊನೆಗೆ ಬೋರ್ಡೇ ಎತ್ತಿ ಎಸೀತಾನೆ. ನಮ್ಮತ್ತೆ 'ಮಗು ಅಲ್ವಾ, ಗೆಲ್ಲಿಸಿಬಿಡಿ' ಅಂತಾರೆ, ನಮ್ಮನೆಯವ್ರು 'ಸೋಲೋದನ್ನೂ ಕಲೀಲಿ' ಅಂತಾರೆ. ನಾನು ಯಾರ ಮಾತು ಕೇಳ್ಲಿ?

ಉತ್ತರ: ಇಬ್ರ ಮಾತನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ, ಮೊದ್ಲು ಆ ಆರರ ಲೆಕ್ಕ ನೋಡೋಣ. ದಾಳ ಹಾಕಿದಾಗ ಆರು ಬೀಳದೇ ಇರೋ ಸಾಧ್ಯತೆ ಪ್ರತಿ ಸಲಾನೂ 6ರಲ್ಲಿ 5. ಹತ್ತು ಸರದಿ ಬಂದ್ರೂ ಒಂದೇ ಒಂದು ಆರು ಬೀಳದೇ ಹೋಗೋದು ನೂರಕ್ಕೆ ಸುಮಾರು 16 ಸಲ. ಇದು ಒಬ್ರ ಲೆಕ್ಕ, ನಾಲ್ಕು ಜನ ಕೂತಿದ್ರೆ ಅವರಲ್ಲಿ ಯಾರಾದ್ರೂ ಒಬ್ರು ಮೊದಲ ಹತ್ತು ಸರದಿ ಮನೆಯೊಳಗೇ ಸಿಕ್ಕಿಹಾಕೊಳ್ಳೋ ಸಾಧ್ಯತೆ ನೂರಕ್ಕೆ 50! ಅಂದ್ರೆ ಹೆಚ್ಚುಕಮ್ಮಿ ಎರಡು ಆಟಕ್ಕೆ ಒಂದ್ಸಲ ಯಾರೋ ಒಬ್ರಿಗೆ ಹೀಗೆ ಆಗೇ ಆಗುತ್ತೆ, ನಿಮ್ಮ ಮಗನ ನಸೀಬು ಕೆಟ್ಟಿದೆ ಅಂತೇನಲ್ಲ. ಆದ್ರೆ ನಿಮಗೆ ಹತ್ತು ಸರದಿ ಕಾಯೋದು ದೊಡ್ಡ ವಿಷಯ ಅಲ್ಲ, ಆರು ವರ್ಷದ ಮಗುಗೆ ಅದು ನಲವತ್ತು ಸಲ ದಾಳ ಉರುಳೋದನ್ನ ಸುಮ್ನೆ ನೋಡ್ತಾ ಕೂರೋದು. ಅಳು ಬರದೇ ಇನ್ನೇನಾಗುತ್ತೆ ಹೇಳಿ.

ಅದಕ್ಕೆ ನಿಯಮ ಬದಲಾಯಿಸಿ. ಒಂದು ಬಿದ್ರೂ ಕಾಯಿ ಹೊರಗೆ, ಆರು ಬಿದ್ರೂ ಹೊರಗೆ ಅಂತ ಇಟ್ಕೊಂಡ್ರೆ ಹತ್ತು ಸರದಿ ಸಿಕ್ಕಿಹಾಕೊಳ್ಳೋದು ನೂರಕ್ಕೆ 2ಕ್ಕಿಂತ ಕಮ್ಮಿ ಆಗುತ್ತೆ. ಅಥವಾ ಎಲ್ರದೂ ಒಂದೊಂದು ಕಾಯಿ ಮೊದ್ಲೇ ಹೊರಗಿಟ್ಟು ಶುರು ಮಾಡಿ. ಒಂದೇ ಷರತ್ತು, ಈ ನಿಯಮ ಎಲ್ರಿಗೂ ಇರ್ಬೇಕು, ಅವನಿಗೆ ಮಾತ್ರ ಅಲ್ಲ, ಮತ್ತೆ ಆಟಕ್ಕೆ ಮುಂಚೆನೇ ಹೇಳಿರ್ಬೇಕು, ಅವನು ಅಳೋಕೆ ಶುರು ಮಾಡಿದ್ಮೇಲೆ ಅಲ್ಲ.

ಇನ್ನು ಬೇಕಂತ ಸೋಲೋದು. ನನಗೆ ಅದು ಸುತರಾಂ ಇಷ್ಟ ಇಲ್ಲ. ಮಕ್ಕಳಿಗೆ ಬೇಗ ಗೊತ್ತಾಗ್ಬಿಡುತ್ತೆ, ಗೊತ್ತಾದ ದಿನ ಹಿಂದೆ ಗೆದ್ದಿದ್ದೂ ಸುಳ್ಳು ಅನ್ಸುತ್ತೆ. ಅದರ ಬದ್ಲು ಅವನು ನಿಜವಾಗ್ಲೂ ಗೆಲ್ಲೋ ಆಟ ಹುಡುಕಿ. ಹಾವು ಏಣಿಯಲ್ಲಿ ಯಾರೂ ಯೋಚ್ನೆ ಮಾಡೋದೇ ಇಲ್ಲ, ದಾಳ ಹೇಳಿದ್ದಷ್ಟೇ, ಅಲ್ಲಿ ಆರು ವರ್ಷದವನೂ ಅರವತ್ತು ವರ್ಷದವರೂ ಸಮಸಮ. ಕಾರ್ಡ್‌ಗಳನ್ನ ಬೋರಲು ಹಾಕಿ ಜೋಡಿ ಹುಡುಕೋ ಮೆಮೊರಿ ಆಟ ಇದ್ಯಲ್ಲ, ಅದರಲ್ಲಿ ಚಿಕ್ಕ ಮಕ್ಕಳು ದೊಡ್ಡವರಿಗೆ ಬೆವರಿಳಿಸೋದೂ ಉಂಟು. ಮುಂದೆ ಚೆಸ್ ಕಲಿತಾಗ ನೀವು ಕ್ವೀನ್ ಇಲ್ದೆ ಆಡಿ, ಆಮೇಲೆ ಪೂರ್ತಿ ಮನಸಿಟ್ಟು ಆಡಿ. ಎದುರಾಳಿಗಿಂತ ಚೆನ್ನಾಗಿ ಆಡೋರು ತಮ್ಮ ಒಂದು ಕಾಯಿ ತೆಗೆದಿಟ್ಟು ಕೂರೋದು ಚೆಸ್‌ನಲ್ಲಿ ಹಳೇ ಪದ್ಧತಿ. ಅವನು ಸತತ ಗೆಲ್ಲೋಕೆ ಶುರು ಮಾಡಿದ್ರೆ ಕ್ವೀನ್ ವಾಪಸ್ ಇಟ್ಕೊಂಡು ಒಂದು ಆನೆ ತೆಗೀರಿ. ಅವನ ಆಟ ಎಷ್ಟು ಸುಧಾರಿಸಿದೆ ಅಂತ ಅವನಿಗೇ ಬೋರ್ಡ್ ಮೇಲೆ ಕಾಣುತ್ತೆ.

ಮತ್ತೆ ಬೋರ್ಡ್ ಎಸೆದಾಗ ಉಪದೇಶ ಬೇಡ. ಕಾಯಿ ಅವನ ಕೈಲೇ ಎತ್ತಿಸಿ, ಆಟ ಅಲ್ಲಿಗೆ ನಿಲ್ಲಿಸಿ, ಸಾಯಂಕಾಲ ಮತ್ತೆ ಕರೀರಿ. ನೀವು ಸೋತಾಗ 'ಅಯ್ಯೋ ಗೆಲ್ಲೋಕೆ ಇನ್ನೊಂದೇ ಮನೆ ಇತ್ತು, ಬೇಜಾರಾಯ್ತು, ಇನ್ನೊಂದಾಟ ಆಡೋಣ್ವಾ' ಅಂತ ಅವನ ಮುಂದೆನೇ ಹೇಳಿ. ಸೋತವರು ಹೇಗಿರ್ಬೇಕು ಅಂತ ಅವನು ನೋಡಿದ್ರೆ ತಾನೇ ಕಲಿಯೋದು.

ಪ್ರಶ್ನೆ: ನಮ್ಮನೇಲಿ ಮೊನೊಪಲಿ (ಜಾಗ ಕೊಂಡು ಬಾಡಿಗೆ ವಸೂಲಿ ಮಾಡೋ ಬೋರ್ಡ್ ಆಟ) ಶುರುವಾದ್ರೆ ಮುಗಿಯೋದೇ ಇಲ್ಲ, ಮೂರು ಗಂಟೆ ಆಗುತ್ತೆ, ದಿವಾಳಿ ಆದವ್ರು ಎದ್ದು ಹೋಗಿ ಮೊಬೈಲ್ ಹಿಡೀತಾರೆ. ಏನ್ಮಾಡೋದು?

ಉತ್ತರ: ನಿಮ್ಮನೇಲಿ ಯಾರಾದ್ರೂ ತಮ್ಮ ಕಾಯಿ ಬಂದು ನಿಂತ ಜಾಗ ಕೊಳ್ಳೋದು ಬೇಡ ಅಂದ್ರೆ ಸುಮ್ನೆ ಮುಂದಿನವರಿಗೆ ದಾಳ ಕೊಡ್ತೀರಾ? ಅಸಲಿ ನಿಯಮ ಹಾಗಿಲ್ಲ, ಆ ಜಾಗ ತಕ್ಷಣ ಹರಾಜಾಗ್ಬೇಕು, ಯಾರು ಬೇಕಾದ್ರೂ ಕೂಗಬಹುದು. ಬೋರ್ಡ್ ಮೂಲೆಯ ಫ್ರೀ ಪಾರ್ಕಿಂಗ್ ಮನೆಯಲ್ಲಿ ದಂಡದ ದುಡ್ಡು ಗುಡ್ಡೆ ಹಾಕಿ ಬಂದವರಿಗೆ ಕೊಡೋದೂ ಮನೆಗಳಲ್ಲಿ ಸೇರಿಸ್ಕೊಂಡಿರೋದು, ನಿಯಮದ ಪ್ರಕಾರ ಅಲ್ಲಿ ಏನೂ ಸಿಗಲ್ಲ. ಇವೆರಡು ಸರಿ ಮಾಡಿದ್ರೇನೇ ಆಟ ಬೇಗ ಮುಗಿಯುತ್ತೆ. ಅದೂ ಸಾಲದು ಅಂದ್ರೆ ಒಂದು ಗಂಟೆಗೆ ಅಲಾರಂ ಇಟ್ಟು, ಹೊಡೆದಾಗ ಕೈಲಿರೋ ದುಡ್ಡು ಆಸ್ತಿ ಎಲ್ಲ ಕೂಡಿಸಿ ಗೆದ್ದವರನ್ನ ಹೇಳಿ. ಅಂದಹಾಗೆ ಇದರ ಮೂಲ ಆಟಕ್ಕೆ 1904ರಲ್ಲಿ ಅಮೆರಿಕದ ಎಲಿಜಬೆತ್ ಮ್ಯಾಗಿ ಅನ್ನೋ ಹೆಣ್ಣುಮಗಳು ಪೇಟೆಂಟ್ ತಗೊಂಡಿದ್ರು, ಬಾಡಿಗೆ ತಗೊಳ್ಳೋರು ಬೆಳೀತಾ ಹೋಗಿ ಕೊಡೋರು ಹೇಗೆ ಸೊರಗ್ತಾರೆ ಅಂತ ತೋರ್ಸೋದೇ ಅವರ ಉದ್ದೇಶ. ಹಾಗಾಗಿ ಒಬ್ರೇ ಉಳಿದು ಬಾಕಿಯವ್ರು ಬೇಸತ್ತು ಏಳೋದು ಆಟದ ಹುಟ್ಟಲ್ಲೇ ಇದೆ.

ಪ್ರಶ್ನೆ: ಆಂಟಿ, ನಾನು ಒಂಬತ್ತನೇ ಕ್ಲಾಸು. ರಜೆಯಲ್ಲಿ ಅಪ್ಪ, ತಮ್ಮ, ನಾನು ಕೇರಂ ಆಡ್ತೀವಿ, ಅಮ್ಮನ್ನ ಕರೆದ್ರೆ 'ನೀವಾಡಿ, ನನಗೆ ಕೆಲಸ ಇದೆ' ಅಂತಾರೆ. ಅವ್ರಿಗೆ ಆಟ ಇಷ್ಟ ಇಲ್ವೇನೋ.

ಉತ್ತರ: ಇಷ್ಟ ಇದ್ಯೋ ಇಲ್ವೋ ಅಂತ ಕೇಳೋಕೆ ಮುಂಚೆ ಕೆಲಸ ಏನಿದೆ ಅಂತ ಕೇಳು ಪುಟ್ಟಿ. ಪಾತ್ರೆ, ಒಣಗಿದ ಬಟ್ಟೆ, ನಾಳೆಗೆ ಬೇಕಾದ್ದು, ಎಲ್ಲ ಅಮ್ಮನ ತಲೇಲೇ ಇರುತ್ತೆ, ನೀವು ಮೂರು ಜನ ಬೋರ್ಡ್ ಮುಂದೆ ಕೂತು ಕರೆದ್ರೆ ಅವರು ಹೇಗೆ ಬರ್ತಾರೆ. ಬೋರ್ಡ್ ತೆಗೆಯೋಕೆ ಮುಂಚೆ ಮೂರು ಜನಾನೂ ಅಡುಗೆಮನೆಗೆ ಹೋಗಿ. ಸಹಾಯ ಮಾಡ್ಲಾ ಅಂತ ಕೇಳ್ಬೇಡ, ಅದನ್ನ ಹೇಳೋದೂ ಅವರಿಗೇ ಇನ್ನೊಂದು ಕೆಲಸ ಆಗುತ್ತೆ, ಕಣ್ಣಿಗೆ ಕಂಡಿದ್ದನ್ನ ತಗೊಂಡು ಮುಗಿಸು. ಅಪ್ಪನಿಗೂ ಈ ಉತ್ತರ ಓದಿ ಹೇಳು, ಕೆಲಸ ನಿನ್ನೊಬ್ಳದೇ ಅಲ್ಲ. ಅಷ್ಟೆಲ್ಲ ಆದ್ಮೇಲೂ ಅಮ್ಮ ಆ ಹೊತ್ತಲ್ಲಿ ಸುಮ್ನೆ ಮಲಗ್ತೀನಿ ಅಂದ್ರೆ ಮಲಗ್ಲಿ, ಅವರಿಗೂ ಅದು ರಜೆನೇ. ಬಂದ್ರೆ ಮಾತ್ರ ನಾಲ್ಕು ಜನ ಎರಡು ಜೋಡಿ ಆಗಿ ಆಡಿ, ನೀನು ಅಮ್ಮನ ಜೋಡಿ ಆಗು.

ಪ್ರಶ್ನೆ: ನನಗೆ ಎಪ್ಪತ್ತೈದು. ಮೊಮ್ಮಕ್ಕಳು ಬಂದಿದಾರೆ, ಆದ್ರೆ ನನಗೆ ಕಣ್ಣು ಮಂಜು, ಇಸ್ಪೀಟೆಲೆ ಮೇಲಿನ ಅಂಕಿನೇ ಕಾಣಲ್ಲ. ಅವರ ಜೊತೆ ನಾನೇನು ಆಡ್ಲಿ?

ಉತ್ತರ: ಸರ್, ದಪ್ಪ ಅಕ್ಷರದ ಎಲೆಗಳು ಸಿಗ್ತವೆ, ಮಕ್ಕಳಿಗೆ ಹೇಳಿ ತರಿಸಿ, ಬೆಳಕು ನಿಮ್ಮ ಹಿಂದಿನಿಂದ ಎಲೆ ಮೇಲೆ ಬೀಳೋ ಹಾಗೆ ಕೂತ್ಕೊಳ್ಳಿ. ಆದ್ರೆ ನಾನಾಗಿದ್ರೆ ಕಣ್ಣೇ ಬೇಡದ ಆಟ ಹಿಡೀತಿದ್ದೆ. ಇಪ್ಪತ್ತು ಪ್ರಶ್ನೆ ಆಡಿ ನೋಡಿ. ಒಬ್ರು ಮನಸಲ್ಲಿ ಒಂದು ವಸ್ತು ಇಟ್ಕೋಬೇಕು, ಉಳಿದವ್ರು ಹೌದು ಅಥವಾ ಇಲ್ಲ ಅನ್ನೋ ಉತ್ತರ ಬರೋ ಪ್ರಶ್ನೆ ಮಾತ್ರ ಕೇಳಿ 20ರೊಳಗೆ ಕಂಡುಹಿಡೀಬೇಕು. ಚಿಕ್ಕವರು ಮೊದಲ ಪ್ರಶ್ನೆಗೇ 'ಆನೆನಾ?' ಅಂತ ಕೇಳಿ ಒಂದು ಅವಕಾಶ ಕಳ್ಕೊತಾರೆ. ನೀವು 'ಜೀವ ಇರೋದಾ?', 'ಈ ಮನೆಗಿಂತ ದೊಡ್ದಾ?' ಅಂತ ಅರ್ಧಕ್ಕರ್ಧ ಕತ್ತರಿಸೋ ಹಾಗೆ ಕೇಳಿ. ಪ್ರತಿ ಪ್ರಶ್ನೆ ಸರಿಯಾಗಿ ಅರ್ಧ ಮಾಡಿದ್ರೆ 20 ಪ್ರಶ್ನೆಯಲ್ಲಿ 10,48,576 ವಸ್ತುಗಳಲ್ಲಿ ಒಂದನ್ನ ಹಿಡೀಬಹುದು. ಎರಡನೇ ದಿನದ ಹೊತ್ತಿಗೆ ಮಕ್ಕಳು ನಿಮ್ಮ ಥರಾನೇ ಕೇಳೋಕೆ ಶುರು ಮಾಡ್ತಾರೆ, ಆಗ ಪ್ರಶ್ನೆ 20ರಿಂದ 15ಕ್ಕೆ ಇಳಿಸಿ.