ಸೊಂಟದ ಮೂಳೆ ವಾಲಿದೆ ಅಂದರು, ಬೆನ್ನುನೋವಿಗೆ ಅದೇ ಕಾರಣವಾ?

ವರ್ಷದಿಂದ ನೋವಿದೆ, ‘ಸೊಂಟದ ಮೂಳೆ ಮುಂದಕ್ಕೆ ವಾಲಿದೆ, ಬೆನ್ನುಮೂಳೆ ಸಡಿಲ’ ಅಂದರು ಎಂದು ಬರೆದಿದ್ದೀರಿ. ಇವು ಎರಡು ಬೇರೆ ವಿಷಯ.

ಸ್ವಲ್ಪ ವಾಲಿರುವುದು ನೋವಿಲ್ಲದವರಲ್ಲೂ ಸಾಮಾನ್ಯ. ಅದನ್ನೊಂದೇ ನೋಡಿ ಸುಮ್ನೆ ಹೆದರಬೇಡಿ.

ಸಡಿಲತೆಯನ್ನು ಮಾತ್ರ ಪರೀಕ್ಷಿಸಬೇಕು. ಬೆನ್ನುಮೂಳೆಯನ್ನು ಮೂರು ಸಂಗತಿ ಸೇರಿ ಹಿಡಿಯುತ್ತವೆ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕ ಮನೋಹರ್ ಪಂಜಾಬಿ 1992ರಲ್ಲಿ ವಿವರಿಸಿದರು: ಮೂಳೆ, ಡಿಸ್ಕ್, ಮೂಳೆಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವ ಅಸ್ಥಿರಜ್ಜುಗಳು ಒಂದು, ಸ್ನಾಯುಗಳು ಇನ್ನೊಂದು, ಅವನ್ನು ನಡೆಸುವ ನರಗಳು ಮತ್ತೊಂದು. ಒಂದು ಸೋತರೆ ಉಳಿದವುಗಳ ಮೇಲೆ ಹೊರೆ ಜಾಸ್ತಿ.

ನೆಲಕ್ಕೆ ಬಿದ್ದ ಚಮಚ ಎತ್ತಿ ಮೇಲೇಳುವಾಗ ಅರ್ಧದಲ್ಲಿ ಛಳಕ್ ಅಂತ ಹಿಡಿದು, ತೊಡೆಗೆ ಕೈಯೂರಿ ಏಳಬೇಕಾಗುತ್ತದಾ? ಇದನ್ನು ಡಾಕ್ಟರಿಗೆ ಹೇಳಲೇಬೇಕು. ಅನುಮಾನವಿದ್ದರೆ ಮುಂದೆ ಬಗ್ಗಿಸಿ, ಹಿಂದೆ ಬಾಗಿಸಿ ಎಕ್ಸ್‌ರೇ ತೆಗೆದು, ಒಂದು ಮೂಳೆ ಇನ್ನೊಂದರ ಮೇಲೆ ಜಾರುತ್ತಿದೆಯಾ ನೋಡುತ್ತಾರೆ.

ಜಾಸ್ತಿ ಜಾರದಿದ್ದರೆ ಮೊದಲ ಮದ್ದು ವ್ಯಾಯಾಮವೇ. ಅಂಬೆಗಾಲಿನ ಭಂಗಿಯಲ್ಲಿ ಬಲಗೈ, ಎಡಗಾಲು ಚಾಚಿ ಹತ್ತು ಸೆಕೆಂಡು ನಿಲ್ಲಿ, ಆಮೇಲೆ ಬದಲಿಸಿ. ಬೆನ್ನು ಅಲುಗಬಾರದು. ಫಿಸಿಯೋ ಎದುರು ಕಲಿತರೆ ಇನ್ನೂ ಒಳ್ಳೆಯದು.

ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲಿನ ಬಲ ಕುಗ್ಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.