18 ತುಂಬಿದ ಮೇಲೆ ಯಾರಿಗೆ ಫೋನ್ ಮಾಡೋದು?

ನಮಸ್ಕಾರ ಸರ್,

ನಿಮ್ಮ ಪತ್ರವನ್ನ ಎರಡು ಸಲ ಓದಿದೆ. ಬ್ಯಾಂಕ್ ಕೆಲಸದಿಂದ ನಿವೃತ್ತರಾಗಿ ಕಲಬುರಗಿಯಲ್ಲೇ ಇದ್ದೀರಿ, ಬಾಲಮಂದಿರದಲ್ಲಿ ಬೆಳೆದು ಹೊರಗೆ ಬರುವ ಹುಡುಗರಿಗೆ ಏನಾದ್ರೂ ಮಾಡಬೇಕು ಅನಿಸಿದೆ, "ತಿಂಗಳಿಗೆ ಇಷ್ಟು ಅಂತ ಹಣ ಕೊಟ್ಟರೆ ಸಾಕಾ?" ಅಂತ ಕೇಳಿದ್ದೀರಿ.

ಸಾಲದು ಸರ್. ಹಣಕ್ಕೆ ಒಂದು ದಾರಿ ಈಗಾಗಲೇ ಇದೆ. 18 ತುಂಬಿ ಹೊರಬಂದವರಿಗೆ ನೆರವು ಕೊಡಬಹುದು ಅಂತ 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಹೇಳುತ್ತದೆ. ಸಾಮಾನ್ಯವಾಗಿ 21 ವರ್ಷದವರೆಗೆ. ಮಕ್ಕಳ ರಕ್ಷಣೆಗೆ ಅಂತ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅದು ತಿಂಗಳಿಗೆ 4,000 ರೂಪಾಯಿ. ಆದರೆ ಅರ್ಜಿ ಹಿಡಿದು ಆ ಹುಡುಗನ ಜೊತೆ ಕಚೇರಿ ಮೆಟ್ಟಿಲು ಹತ್ತೋರು ಯಾರು? ಅಲ್ಲಿ ನೀವು ಬೇಕು.

ನನಗೆ ಗೊತ್ತಿರುವ ಒಬ್ಬ ಹುಡುಗನ ಮೊದಲ ಸಂಬಳ ಹತ್ತೇ ದಿನಕ್ಕೆ ಮುಗಿಯಿತು. ದುಂದುಗಾರ ಅಲ್ಲ ಅವನು. ಊಟದ ಗಂಟೆ ಹೊಡೆದಾಗ ತಟ್ಟೆ ಹಿಡಿದು ಕೂತು ಬೆಳೆದವನಿಗೆ ಐದು ಕೆಜಿ ಜೋಳದ ಹಿಟ್ಟು ಎಷ್ಟು ದಿನ ಬರುತ್ತೆ, ರೂಮಿನ ಅಡ್ವಾನ್ಸ್ ಅಂದ್ರೆ ಏನು, ಇದೆಲ್ಲ ಹೇಗೆ ಗೊತ್ತಾಗಬೇಕು? ನಮ್ಮ ಮಕ್ಕಳಾದ್ರೆ ಬೈಸಿಕೊಂಡು ಕಲಿಯುತ್ತಾರೆ. ಅವನನ್ನ ಬೈಯೋಕೂ ಯಾರೂ ಇರಲಿಲ್ಲ.

ನಿಮ್ಮ ಬ್ಯಾಂಕ್ ಅನುಭವ ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತೆ. ಮೈನರ್ ಖಾತೆಗೆ 18ರ ನಂತರ ಮತ್ತೆ ಕೆವೈಸಿ ಆಗಬೇಕು, ಆಧಾರ್‌ನಲ್ಲಿ ಬಾಲಮಂದಿರದ ವಿಳಾಸವೇ ಉಳಿದಿರುತ್ತೆ. ಅದಕ್ಕಿಂತ ಜಾಸ್ತಿ ತೊಡಕು ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರದ್ದು. ನಮ್ಮ ಭಾಗದವರಿಗೆ ಕಾಲೇಜು ಸೀಟಿಗೆ, ಸರ್ಕಾರಿ ಕೆಲಸಕ್ಕೆ ಅದು ಎಷ್ಟು ಮುಖ್ಯ ಅಂತ ನಿಮಗೇ ಗೊತ್ತು, ಆದರೆ ಹುಟ್ಟಿದ್ದೋ ಬೆಳೆದದ್ದೋ ಇಲ್ಲೇ ಅಂತ ಕಾಗದ ತೋರಿಸಬೇಕು, ಅಪ್ಪ ಅಮ್ಮನ ದಾಖಲೆಯೇ ಇಲ್ಲದವನು ಅದನ್ನ ಎಲ್ಲಿಂದ ತರಬೇಕು? ಅದಕ್ಕೇ ಹುಡುಗ ಇನ್ನೂ ಒಳಗಿರುವಾಗಲೇ ಶಾಲೆಯ ದಾಖಲೆ, ಬಾಲಮಂದಿರಕ್ಕೆ ಸೇರಿಸಿದ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಪ್ರತಿ ಎಲ್ಲ ಒಂದು ಫೈಲಿಗೆ ಸೇರಿಸಿ ಇಡಿಸಿ.

ನೇರವಾಗಿ ಹುಡುಗನ ಹತ್ತಿರ ಹೋಗಬೇಡಿ. ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಹೀಗೆ ನೆರವಾಗಲು ಮುಂದೆ ಬರುವ ಸಂಸ್ಥೆಗಳ ಜೊತೆ ವ್ಯಕ್ತಿಗಳ ಪಟ್ಟಿಯನ್ನೂ ಘಟಕ ಇಟ್ಟುಕೊಳ್ಳಬೇಕು ಅಂತ ಅದೇ ಕಾಯ್ದೆಯ 2016ರ ಕೇಂದ್ರದ ಮಾದರಿ ನಿಯಮಗಳಲ್ಲಿದೆ. ನಿಮ್ಮ ಹೆಸರು ಬರೆಸಿ. ನಿಮ್ಮ ಬಗ್ಗೆ ವಿಚಾರಿಸಿದರೆ ಬೇಜಾರು ಮಾಡಿಕೊಳ್ಳಬೇಡಿ, ಮಕ್ಕಳ ವಿಷಯ, ವಿಚಾರಿಸಲೇಬೇಕು ಅಲ್ವಾ.

ಇನ್ನೊಂದು ಮಾತು. ಹಬ್ಬಕ್ಕೆ ಬಟ್ಟೆ, ಸಿಹಿ ತಂದು ಫೋಟೋ ತೆಗೆಸಿಕೊಂಡು ಹೋದವರನ್ನ ಈ ಮಕ್ಕಳು ಬೇಕಾದಷ್ಟು ನೋಡಿದ್ದಾರೆ. ಹತ್ತು ಹುಡುಗರು ಬೇಡ, ಒಬ್ಬನೇ ಸಾಕು, ಆದರೆ ಎರಡು ಮೂರು ವರ್ಷ ಕೈ ಬಿಡಬೇಡಿ. ಅವನು ಕೆಲಸ ಬಿಟ್ಟು ಬಂದ ರಾತ್ರಿ ಫೋನ್ ಮಾಡಿದರೆ ಎತ್ತಿ. ಮೊದಲು "ಊಟ ಆಯ್ತಾ?" ಅಂತ ಕೇಳಿ, ಉಳಿದದ್ದು ಆಮೇಲೆ.

ಘಟಕದಲ್ಲಿ ಏನಂದರು ಅಂತ ಬರೆಯಿರಿ ಸರ್, ಕಾಯುತ್ತಿರುತ್ತೇನೆ.

– ಸಂಪಾದಕ