ಚಿಕ್ಕಮಗಳೂರಿನ ಕಾಡಿನಲ್ಲಿ ಉದುರಿದ ಕಡವೆ ಕೊಂಬು ಹುಡುಕಬಹುದಾ? ಸಿಕ್ಕರೆ ಮನೆಗೆ ತರಬಹುದಾ?

ಅಮೆರಿಕದಲ್ಲಿ ಜನ ಉದುರಿದ ಜಿಂಕೆ, ಎಲ್ಕ್ (ಅಲ್ಲಿನ ದೊಡ್ಡ ಜಾತಿಯ ಜಿಂಕೆ) ಕೊಂಬು ಹುಡುಕುತ್ತಾ ಬೆಟ್ಟ ಅಲೆಯುವ ವಿಡಿಯೊ ನೋಡಿದೆ, ಏಪ್ರಿಲ್‌ನಲ್ಲಿ ಮುತ್ತೋಡಿ ಕಡೆ ಬರುತ್ತಿದ್ದೇನೆ, ಇಲ್ಲೂ ಹಾಗೆ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ. ನಮ್ಮ ತೋಟದ ಮೇಲ್ಭಾಗಕ್ಕೆ ಕಾಡು ತಾಗಿಕೊಂಡಿದೆ. ಕಡವೆ ಕೊಂಬು ಆಗಾಗ ಕಣ್ಣಿಗೆ ಬೀಳುತ್ತದೆ. ಕಂಡರೆ ಕೂತು ನೋಡಿ, ಫೋಟೊ ತೆಗೆಯಿರಿ. ತರಬೇಡಿ.

ಮೊದಲು ಕಾನೂನು ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಂಬು, ಮೂಳೆ, ಉಗುರು, ಹಲ್ಲು ಎಲ್ಲಾ ಒಂದೇ ಸಾಲಿನಲ್ಲಿ ಬರುತ್ತವೆ. ತಾನಾಗಿ ಉದುರಿದ್ದು ಅಂದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ಕೈಗೆ ಬಂದರೆ 48 ಗಂಟೆಯೊಳಗೆ ಅರಣ್ಯ ಇಲಾಖೆಗೋ ಪೊಲೀಸರಿಗೋ ತಿಳಿಸಬೇಕು. ಹಳೇ ಬಂಗಲೆಗಳ ಗೋಡೆಯಲ್ಲಿ ಕೊಂಬು ನೋಡಿರುತ್ತೀರಿ. ಅವನ್ನು ಇಟ್ಟುಕೊಳ್ಳಲು ಮಾಲೀಕತ್ವದ ಪ್ರಮಾಣಪತ್ರ ಬೇಕು, ಅದಿದ್ದರೂ ಮಾರುವಂತಿಲ್ಲ. ಇನ್ನು ಮುತ್ತೋಡಿ ಇರುವುದು ಭದ್ರಾ ಹುಲಿ ಮೀಸಲಿನೊಳಗೆ. ಅಲ್ಲಿ ಅನುಮತಿ ಇಲ್ಲದೆ ಕಾಲಿಡುವುದೇ ಅಪರಾಧ.

ಅಮೆರಿಕದಲ್ಲೂ ಮನಸ್ಸು ಬಂದಾಗ ಹೋಗಿ ಆಯುವಂತಿಲ್ಲ, ಅದು ವಿಡಿಯೊದಲ್ಲಿ ಗೊತ್ತಾಗುವುದಿಲ್ಲ. ವಯೋಮಿಂಗ್ ರಾಜ್ಯದ ಪಶ್ಚಿಮ ಭಾಗದ ಸರ್ಕಾರಿ ಜಾಗಗಳಲ್ಲಿ ಜನವರಿ 1ರಿಂದ ಏಪ್ರಿಲ್ 30ರವರೆಗೆ ಕೊಂಬು ಆಯುವುದಕ್ಕೆ ನಿಷೇಧವಿದೆ. ಹಿಮಗಾಲದಲ್ಲಿ ಮೇವಿಲ್ಲದೆ ಸೊರಗಿದ ಪ್ರಾಣಿಗಳನ್ನು ಜನ ಓಡಾಡಿ ಬೆದರಿಸಿದರೆ ಅವು ಬದುಕುವುದೇ ಕಷ್ಟ. ಅಲ್ಲಿನ ಜಾಕ್ಸನ್ ಊರಿನ ಎಲ್ಕ್ ಧಾಮದಲ್ಲಂತೂ ಸ್ಕೌಟ್ ಹುಡುಗರು ಆಯ್ದ ಕೊಂಬನ್ನು ಮೇ ತಿಂಗಳಲ್ಲಿ ಹರಾಜು ಹಾಕುತ್ತಾರೆ. ದುಡ್ಡಿನ ಬಹುಪಾಲು ಧಾಮಕ್ಕೇ ವಾಪಸ್ ಹೋಗುತ್ತದೆ.

ನನಗೆ ಕಾನೂನಿಗಿಂತ ದೊಡ್ಡ ಕಾರಣ ಬೇರೆ ಇದೆ. ಕಾಟಿಯ (ಕಾಡುಕೋಣದ) ಕೊಂಬು ಅದು ಬದುಕಿರುವ ತನಕ ತಲೆಯ ಮೇಲೇ ಇರುತ್ತದೆ. ಕಡವೆಯದು ಹಾಗಲ್ಲ. ಅದು ಪೂರ್ತಿ ಮೂಳೆ, ಗಂಡಿಗೆ ಮಾತ್ರ. ಬೆಳೆಯುವಾಗ ಮೇಲೆ ಮೆತ್ತನೆಯ ರೋಮದ ಚರ್ಮ ಇರುತ್ತದೆ, ಅದರೊಳಗೆ ರಕ್ತ ಹರಿಯುತ್ತದೆ. ಬಲಿತ ಮೇಲೆ ಚರ್ಮ ಒಣಗುತ್ತದೆ, ಗಂಡು ಅದನ್ನು ಮರಕ್ಕೆ ಉಜ್ಜಿ ಕಳಚಿಕೊಳ್ಳುತ್ತದೆ. ಬೆದೆ ಮುಗಿದು ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಇಳಿದಾಗ ಬುಡದ ಮೂಳೆ ಸವೆದು ಕೊಂಬು ಬಿದ್ದುಹೋಗುತ್ತದೆ. ನಮ್ಮ ಕಡೆ ಹೆಚ್ಚಾಗಿ ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ದಿನಗಳ ಆಸುಪಾಸಿನಲ್ಲಿ. ಜಿಂಕೆಗೆ ಅಷ್ಟು ಕಟ್ಟುನಿಟ್ಟಾದ ಕಾಲವಿಲ್ಲ. ಹೊಸ ಕೊಂಬಿಗೆ ಬೇಕಾದ ಕ್ಯಾಲ್ಸಿಯಂ, ರಂಜಕ ಬರೀ ಮೇವಿನಿಂದ ಸಾಲುವುದಿಲ್ಲ. ಆ ಪ್ರಾಣಿ ತನ್ನ ಪಕ್ಕೆಲುಬಿನಿಂದಲೂ ತೆಗೆದು ಕೊಂಬಿಗೆ ಕೊಡುತ್ತದೆ.

ಈಗ ನಮ್ಮ ಮಣ್ಣು ನೋಡಿ. ಮಲೆನಾಡಿನ ಮಳೆ ಮಣ್ಣಿನ ಕ್ಯಾಲ್ಸಿಯಂ ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಅದಕ್ಕೇ ನಾವು ಮಣ್ಣು ಪರೀಕ್ಷೆ ಮಾಡಿಸಿ ತೋಟಕ್ಕೆ ಸುಣ್ಣ ಹಾಕುತ್ತೇವೆ. ಕಾಡಿಗೆ ಯಾರು ಹಾಕುತ್ತಾರೆ ಹೇಳಿ? ತರಗೆಲೆಯ ಜೊತೆಗೆ ಇಂಥ ಕೊಂಬು, ಸತ್ತ ಪ್ರಾಣಿಗಳ ಮೂಳೆಯೇ ಅದರ ಸುಣ್ಣ. ಬಿದ್ದ ಕೊಂಬನ್ನು ಮುಳ್ಳುಹಂದಿ ಕಡಿಯುತ್ತದೆ, ಇಲಿ ಹೆಗ್ಗಣ ಕಡಿಯುತ್ತವೆ, ಕೆಲವು ಸಲ ಜಿಂಕೆ ಕಡವೆಗಳೇ ಜಗಿಯುತ್ತವೆ. ಹಳೇ ಕೊಂಬು ಕಂಡರೆ ಹತ್ತಿರ ಬಗ್ಗಿ ನೋಡಿ, ಸಾಲಾಗಿ ಹಲ್ಲಿನ ಗೀರು ಇರುತ್ತವೆ. ಅದನ್ನು ಶೋಕೇಸಿಗೆ ಎತ್ತಿಕೊಂಡು ಹೋದರೆ ಇಷ್ಟೂ ಜೀವಿಗಳ ಪಾಲು ಹೋದ ಹಾಗಲ್ವಾ?

ನೋಡುವ ಆಸೆ ಖಂಡಿತ ಒಳ್ಳೆಯದು, ಬಿಡಬೇಡಿ. ಕಾಡಿನ ಅಂಚಿನ ತೋಟದಲ್ಲಿ ಉಳಿದುಕೊಂಡರೆ, ಮಾಲೀಕರನ್ನು ಕೇಳಿ, ದಾರಿ ಗೊತ್ತಿರುವ ಕೆಲಸದವರ ಜೊತೆ ಬೆಳಗ್ಗೆ ಬೆಳಕು ಹರಿದ ಮೇಲೆ ತೋಟದೊಳಗೇ ಸುತ್ತಾಡಿ. ಒಬ್ಬರೇ ಬೇಡ, ಆನೆ ಇರುತ್ತದೆ. ಹಳ್ಳದ ಬದಿ, ಕಡವೆ ಹೊರಳಾಡುವ ಕೆಸರು, ತೊಗಟೆ ಸುಲಿದ ಮರಗಳ ಸುತ್ತ ಕಣ್ಣಾಡಿಸಿ. ಕಡವೆ ಕೊಂಬು ದಪ್ಪ, ಒರಟು. ಜಿಂಕೆಯದು ತೆಳು, ನಯ. ಎರಡಕ್ಕೂ ಸಾಮಾನ್ಯವಾಗಿ ಮೂರು ಕವಲು. ಕಾಡುಕುರಿಯದು (ಬೊಗಳುವ ಸಣ್ಣ ಜಿಂಕೆ) ಗೇಣುದ್ದವೂ ಇರುವುದಿಲ್ಲ, ತರಗೆಲೆಯಲ್ಲಿ ಸಿಗುವುದು ಅಪರೂಪ. ಏಪ್ರಿಲ್ ಅಂದರೆ ಉಣುಗಿನ ಕಾಲವೂ ಹೌದು. ನಮ್ಮ ಜಿಲ್ಲೆಯಲ್ಲಿ ಮಂಗನ ಕಾಯಿಲೆ ಇದೆ, ಅದು ಹರಡುವುದು ಉಣುಗಿನಿಂದಲೇ. ಉದ್ದ ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿಕೊಳ್ಳಿ. ವಾಪಸ್ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯಲು ಹಾಕಿ. ಆಮೇಲೆ ಜ್ವರ ಬಂದರೆ ಕಾಡಿನಂಚಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಇನ್ನೊಂದು ಮುಖ್ಯ ವಿಷಯ. ಕೊಂಬಿನ ಬುಡ ನೋಡಿ. ತಾನಾಗಿ ಉದುರಿದ್ದಾದರೆ ಬುಡ ದುಂಡಗೆ, ಒರಟಾಗಿ ಇರುತ್ತದೆ. ತಲೆಬುರುಡೆಯ ಚೂರು ಅಂಟಿಕೊಂಡಿದ್ದರೆ ಆ ಪ್ರಾಣಿ ಸತ್ತಿದೆ ಅಂತ ಅರ್ಥ. ಹುಲಿಯೋ ಕೆನ್ನಾಯಿಯೋ ತಿಂದಿರಬಹುದು. ಬುರುಡೆಯಲ್ಲಿ ಕತ್ತಿಯ ಏಟಿದ್ದರೆ ಅದು ಮನುಷ್ಯರ ಕೆಲಸ. ಆಗ ಏನನ್ನೂ ಮುಟ್ಟಬೇಡಿ. ಜಾಗದ ಗುರುತು ಮೊಬೈಲಿನಲ್ಲಿ ಉಳಿಸಿಕೊಂಡು ಹತ್ತಿರದ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ತಿಳಿಸಿ. ಸುತ್ತಮುತ್ತ ತಂತಿ ಉರುಳು ಇನ್ನೂ ಇರಬಹುದು, ಬಂದ ದಾರಿಯಲ್ಲೇ ನೋಡಿಕೊಂಡು ಹಿಂದಕ್ಕೆ ಬನ್ನಿ.